ಮಾವ ಚೆಂಡು ಹಿಡಿಯಲು ಕಲಿತದ್ದು

ನಮ್ಮ ಸೋದರಮಾವನ ತಾಳ್ಮೆಯ ಬಗ್ಗೆ ಒಂದು ಪ್ರಬಂಧವನ್ನೇ ಬರೆಯಬಹುದು. ಮೊದಲ ಸಾಲಿಗೇ ಮುಗಿದುಹೋಗುತ್ತದೆ, ಅಷ್ಟೇ. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು. ರೈಲ್ವೆ ಗೇಟ್ ಹಾಕಿದ್ದರೆ ಗೇಟಿಗೇ ಹಾರ್ನ್ ಹೊಡೆಯುತ್ತಾರೆ. ಮದುವೆ ಊಟದಲ್ಲಿ ಎಲೆಗೆ ಅನ್ನ ಬೀಳುವ ಮೊದಲೇ ಸಾರಿಗೆ ಕೂಗುತ್ತಾರೆ. ಎದುರಿನವರ ಮಾತನ್ನು ತಾವೇ ಮುಗಿಸಿಕೊಡುತ್ತಾರೆ, ಅದೂ ತಪ್ಪಾಗಿ.

ಹೋದ ವರ್ಷ ಅತ್ತೆಗೆ ಸ್ಟ್ರೋಕ್ ಆಯಿತು. ಕೈಕಾಲು ಸರಿಹೋದವು. ಮಾತು ಮಾತ್ರ ತಡವರಿಸಿಕೊಂಡು ಒಂದೊಂದಾಗಿ ಬರುತ್ತಿತ್ತು. ಅವರು "ನಂಗೆ..." ಅನ್ನುವಷ್ಟರಲ್ಲಿ ಮಾವ ನೀರು, ಮಾತ್ರೆ, ಶಾಲು ಮೂರನ್ನೂ ತಂದು ಮುಂದಿಡುತ್ತಿದ್ದರು. ಅತ್ತೆ ಬಾಯಿ ಮುಚ್ಚಿಬಿಡುತ್ತಿದ್ದರು. ಹೀಗೇ ಆದರೆ ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ ಎಂದು ತುಮಕೂರಿನ ಸ್ಪೀಚ್ ಥೆರಪಿ ಡಾಕ್ಟರಮ್ಮ ಎಚ್ಚರಿಸಿದರು.

ಆಮೇಲೆ ಅತ್ತೆಯ ಕಡೆ ತಿರುಗಿ "ನಿಮ್ಮ ಹೆಸರು ಹೇಳಿಮ್ಮಾ" ಎಂದರು. ಮಾವ ಹೆಸರು, ವಯಸ್ಸು, ತವರು ಸಿ.ಎಸ್. ಪುರ, ಎಲ್ಲವನ್ನೂ ಒಪ್ಪಿಸಿದರು.

"ಯಜಮಾನ್ರೇ, ನೀವೊಂದು ಗಂಟೆ ಹೊರಗಿದ್ದು ಬನ್ನಿ."

ಕೆಳಗಿನ ಮಹಡಿಯಲ್ಲಿ ಗೇಮ್ ಸೆಂಟರ್ ಇತ್ತು. ಅಲ್ಲೊಂದು ಪಿನ್‌ಬಾಲ್: ಗಾಜು ಮುಚ್ಚಿದ ಇಳಿಜಾರು ಮೇಜು, ಉರುಳಿ ಬರುವ ಉಕ್ಕಿನ ಚೆಂಡು, ಅದು ಗುಂಡಿಗೆ ಬೀಳದಂತೆ ಹೊಡೆಯಲು ತಳದಲ್ಲಿ ಎರಡು ರೆಕ್ಕೆ, ರೆಕ್ಕೆ ಎತ್ತಲು ಪಕ್ಕದಲ್ಲಿ ಎರಡು ಬಟನ್. ಚೆಂಡು ಇನ್ನೂ ಮೇಲೆಲ್ಲೋ ಇರುವಾಗಲೇ ಮಾವ ಎರಡೂ ಬಟನ್ ಬಡಿದರು. ಎದ್ದ ರೆಕ್ಕೆಗಳ ನಡುವೆ ಲಾರಿ ಹೋಗುವಷ್ಟು ಜಾಗ! ಚೆಂಡು ನೇರ ಗುಂಡಿಗೆ. ಮುಂದಿನ ಚೆಂಡಿಗೆ ಸಿಟ್ಟಿನಲ್ಲಿ ಮೇಜನ್ನೇ ಅಲುಗಾಡಿಸಿದರು. ಮೆಷಿನ್ ಮುನಿಸಿಕೊಂಡು ಆಟವನ್ನೇ ನಿಲ್ಲಿಸಿತು.

"ಮೆಷಿನ್ ಕೆಟ್ಟೋಗೈತೆ ಕಣಮ್ಮ," ಎಂದರು ಕೌಂಟರಿನ ಹೆಂಗಸಿಗೆ.

"ಮೆಷಿನ್ ಸರಿಯಾಗೇ ಇದೆ ಅಂಕಲ್. ಚೆಂಡು ಯಾವ ಕಡೆ ಬರುತ್ತೋ ಆ ಬಟನ್ ಮಾತ್ರ ಒತ್ತಿ ಹಿಡ್ಕೊಳ್ಳಿ. ಎದ್ದಿರೋ ರೆಕ್ಕೆ ಬುಡಕ್ಕೆ ಚೆಂಡು ತಾನಾಗೇ ಬಂದು ಕೂರುತ್ತೆ. ಕೂತ್ಮೇಲೆ ಹೊಡೀರಿ."

"ಅಲ್ಲೀಗಂಟ ನಾನೇನ್ ಮಾಡ್ಲಿ?"

"ಏನೂ ಮಾಡ್ಬೇಡಿ."

ಜೀವಮಾನದಲ್ಲಿ ಮಾವನಿಗೆ ಇಷ್ಟು ಕಷ್ಟದ ಕೆಲಸವನ್ನು ಯಾರೂ ಹೇಳಿರಲಿಲ್ಲ. ವಾರವಾರ ನಾನು ಇಬ್ಬರನ್ನೂ ಕಾರಿನಲ್ಲಿ ಕರೆತರುತ್ತಿದ್ದೆ. ಮೇಲೆ ಅತ್ತೆ ಮಾತು ಕಲಿಯುತ್ತಿದ್ದರು, ಕೆಳಗೆ ಮಾವ ಸೋಲುತ್ತಿದ್ದರು. ಐದನೇ ವಾರ ಚೆಂಡು ಉರುಳಿ ಬಂದು, ಎರಡು ಸಲ ತೂಗಾಡಿ, ರೆಕ್ಕೆಯ ಬುಡದಲ್ಲಿ ನಿಂತೇಬಿಟ್ಟಿತು. ಮಾವ ಹೊಡೆಯಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಹೊಡೀರಿ ಮಾವ."

"ತಡ್ಕಳ್ಲಾ, ಈಗ್ತಾನೆ ಕುಂತೈತೆ."

ಈ ಮಾತನ್ನು ಬರೆದುಕೊಡಿ, ಸಹಿ ಹಾಕಿ ಎಂದು ಕೇಳಬೇಕೆನ್ನಿಸಿತು.

ಅವತ್ತು ವಾಪಸ್ ಬರುವಾಗ ಗುಬ್ಬಿಯ ರೈಲ್ವೆ ಗೇಟ್ ಹಾಕಿತ್ತು. ಮಾವ ಎಂದಿನಂತೆ ನನ್ನ ಪಕ್ಕದಲ್ಲಿ, ಅತ್ತೆ ಹಿಂದೆ ಒಬ್ಬರೇ.

"ನಂಗೆ..." ಎಂದರು ಅತ್ತೆ.

ಮಾವನ ಬಾಯಿ ತೆರೆಯಿತು. ಮುಚ್ಚಿತು. ಬಲಗೈ ಬೆರಳು ಸೀಟಿನ ಅಂಚನ್ನು ಒತ್ತಿ ಹಿಡಿದುಕೊಂಡಿತ್ತು. ರೈಲು ಹೋಯಿತು, ಗೇಟ್ ಎದ್ದಿತು. ಹಿಂದಿನ ಗಾಡಿಗಳು ಹಾರ್ನ್ ಶುರು ಮಾಡಿದವು. ನಾನು ಗೇರ್ ಹಾಕಲು ಹೋದೆ. ಮಾವ ನನ್ನ ಕೈ ಹಿಡಿದು ನಿಲ್ಲಿಸಿದರು.

"ನಂಗೆ... ನಿಮ್... ನಿಮ್ ಪಕ್ಕ... ಕೂತ್ಕೋಬೇಕು."

ನೀರೂ ಅಲ್ಲ, ಮಾತ್ರೆಯೂ ಅಲ್ಲ, ಶಾಲೂ ಅಲ್ಲ. ನನಗೆ ಅಳು ಬಂತು. ಇಷ್ಟು ದಿನ ಮಾವನನ್ನು ಆಡಿಕೊಂಡು ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಇಡೀ ಗುಬ್ಬಿ ಬೆನ್ನ ಹಿಂದೆ ಹಾರ್ನ್ ಹೊಡೆಯುತ್ತಿರುವಾಗ, ಮಾವ ನಿಧಾನವಾಗಿ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತರು.