ಚಾವಣಿ ಬಾಯಿಬಿಟ್ಟ ಭಾನುವಾರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದ ಬಾಯಿಗೆ ಬಿಸಿಬಿಸಿ ಕಜ್ಜಾಯ ಬೀಳಲಿ! ನಡೆದದ್ದು ಅರಸೀಕೆರೆಯಲ್ಲಿ, ರೇಡಿಯೊ ರಿಪೇರಿ ಗುರುಬಸಪ್ಪನ ನಡುಮನೆಯಲ್ಲಿ. ನೋಡಿದವರೆಲ್ಲ ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಹೋಗಿ ಕೇಳಿ.

ಶುಕ್ರವಾರ ಬೆಳಿಗ್ಗೆ ಗುರುಬಸಪ್ಪ ತನ್ನ ಹೊಸ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಎದೆಯುಬ್ಬಿಸಿ ನಿಂತ. ಒಂದು ಉದ್ದನೆಯ ಬಿದಿರು ಗಳ. ತುದಿಯಲ್ಲಿ ಗಿರಗಿರ ತಿರುಗುವ ಬ್ರಶ್ಶು, ಬ್ರಶ್ಶಿನ ಬೆನ್ನಿಗೆ ಹಳೇ ರೇಡಿಯೊ ಸ್ಪೀಕರು, ಕೆಳಗೆ ಗಾರೆಯ ಬಿಳಿ ಹಿಟ್ಟು ತುಂಬಿದ ಬಕೆಟ್ಟು.

"ಜನ್ಮದಲ್ಲಿ ಕರಣೆ ಹಿಡೀದೋರೂ ಚಾವಣಿಗೆ ಚಿತ್ತಾರ ಬಿಡಿಸ್ಬೋದು! ಮೊದ್ಲು ಧೂಳು ಹೊಡೀಬೇಕು. ಹಿಟ್ಟು ಇಡ್ಲಿ ಹದಕ್ಕೆ ಕಲಸ್ಬೇಕು. ಮೂಲೆಯಿಂದ ಶುರು ಮಾಡಿ, ಒಣಗೋದ್ರೊಳ್ಗೆ ಮುಗಿಸ್ಬೇಕು. ಸದ್ದು ಮಾಡಿದ್ರೆ ಬ್ರಶ್ಶು ನಡುಗ್ತದೆ, ಆ ಸದ್ದಿನ ಅಲೇನೇ ಮೇಲೆ ಚಿತ್ತಾರವಾಗಿ ಕೂರ್ತದೆ!"

"ಸಾಮಾನಿಗೆ ಬಟ್ಟೆ ಹೊದಿಸೋದು ಯಾವಾಗ?" ಎಂದಳು ಹೆಂಡತಿ ಸರ್ವಮಂಗಳ.

"ಅದು ಪುಕ್ಕಲರ ಕೆಲ್ಸ ಕಣೇ!"

ನಾಗಸ್ವರದ ಕ್ಯಾಸೆಟ್ ಹಾಕಿದ. ಬ್ರಶ್ಶು ತಿರುಗಿತು. ಚಾವಣಿಯ ಮೇಲೆ ನವಿಲುಗರಿಯಂಥ ಅಲೆಗಳು ಮೂಡತೊಡಗಿದವು. ಮೊದಲ ಮುದ್ದೆ ಟೀವಿಯ ಮೇಲೆ ಬಿತ್ತು, ಎರಡನೆಯದು ಗುರುಬಸಪ್ಪನ ಬೋಳುತಲೆಯ ಮೇಲೆ. ಅಲ್ಲೂ ಚಿತ್ತಾರ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡು ನಾಗಸ್ವರ ನಿಂತುಹೋಯಿತು. ಬ್ರಶ್ಶು ಮಾತ್ರ ನಿಲ್ಲಲಿಲ್ಲ. ಟೀವಿಗೆ ಬಟ್ಟೆ ತರಹೋದ ಹೆಂಡತಿಗೆ ಗುರುಬಸಪ್ಪ ಮತ್ತೊಮ್ಮೆ "ಅದು ಪುಕ್ಕಲರ ಕೆಲ್ಸ ಕಣೇ!" ಎಂದು ಕೂಗಿದ.

ಸರ್ವಮಂಗಳ ಸೆರಗು ಬಿಗಿದಳು. ಭಾನುವಾರ ಗಂಡನ ಸೋದರತ್ತೆ ಚೆನ್ನವ್ವ ಬರುವವಳಿದ್ದಳು, ಗುರುಬಸಪ್ಪನ ತೀರಿಹೋದ ತಾಯಿಯ ಹಿತ್ತಾಳೆ ಶಾವಿಗೆ ಒರಳನ್ನು ಹೊತ್ತುಕೊಂಡು. ಇಬ್ಬರು ಸೊಸೆಯರಲ್ಲಿ ಯಾರ ಶಾವಿಗೆ ಚೆನ್ನವೋ ಅವರಿಗೇ ಒರಳು. ಇಪ್ಪತ್ತು ವರ್ಷ ಅತ್ತೆಯ ಜೊತೆ ನಿಂತು ಆ ಒರಳನ್ನು ಒತ್ತಿದವಳು ಸರ್ವಮಂಗಳ. ಹೆಸರು ಮಾತ್ರ ಮೈದುನನ ಹೆಂಡತಿ ವಿಮಲಾಕ್ಷಿಯ ಶಾವಿಗೆಗೆ.

"ನಿಮ್ಮ ಯಂತ್ರಕ್ಕಿಷ್ಟು ಬೆಂಕಿ ಹಾಕ!" ಎಂದು ನಡುಮನೆಯ ಉಯ್ಯಾಲೆಯ ಹತ್ತಿರ ನಿಂತು ಕೂಗಿದಳು. "ನಾಡಿದ್ದು ಚೆನ್ನತ್ತೆ ಬಂದು ಈ ರಾಡಿ ನೋಡ್ಬೇಕಾ? ಹಲ್ಲಿಲ್ದಿದ್ರೂ ಆ ಮುದುಕಿ ನಾಲ್ಗೆ ಗರಗಸ ಇದ್ದಂಗೆ!"

ಉಯ್ಯಾಲೆಯ ಮೇಲ್ಗಡೆ ಚಾವಣಿಯ ಚಿತ್ತಾರ ಕರಿದ ಕೋಡುಬಳೆಯ ಹಾಗೆ ಒರಟಾಯಿತು. ತಮಾಷೆ ನೋಡಲು ಬಂದಿದ್ದ ವಿಮಲಾಕ್ಷಿ ಮುಸಿಮುಸಿ ನಕ್ಕು, ಕಿಟಕಿಯ ಮೂಲೆಗೆ ಸರಿದು, ಫೋನಿನಲ್ಲಿ ಯಾರೊಂದಿಗೋ ಪಿಸುಗುಟ್ಟತೊಡಗಿದಳು. ಗುರುಬಸಪ್ಪನ ಬ್ರಶ್ಶು ಆಗ ಅವಳ ತಲೆಯ ಮೇಲೆಯೇ ಇತ್ತು.

ಶನಿವಾರ ಚಾವಣಿ ಒಣಗಿತು. ಉದುರು ಪುಡಿ ಹೊಡೆಯೋಣವೆಂದು ಸರ್ವಮಂಗಳ ಉದ್ದಪೊರಕೆಯಿಂದ ಒಮ್ಮೆ ಗೀಚಿದಳು.

"ಬೆಂಕಿ ಹಾಕ!" ಎಂದಿತು ಚಾವಣಿ, ಅವಳದೇ ದನಿಯಲ್ಲಿ.

ಪೊರಕೆ ಕೈಯಿಂದ ಬಿತ್ತು. ಗುರುಬಸಪ್ಪ ಕುಣಿದಾಡಿಬಿಟ್ಟ. "ಗ್ರಾಮಫೋನ್ ಪ್ಲೇಟು ಕಣೇ! ಇಡೀ ಚಾವಣೀನೇ ಪ್ಲೇಟು! ನಾವು ಆಡಿದ್ದೆಲ್ಲ ಗೀರಾಗಿ ಕೂತಿದೆ!"

"ಅಯ್ಯೋ, ನಾನು ಚೆನ್ನತ್ತೇನ ಮುದುಕಿ ಅಂದಿದ್ದೂ ಕೂತಿದೆಯಾ? ಕೆರೆದು ಹಾಕ್ರೀ ಮೊದ್ಲು!"

"ಕೆರೆದ್ರೆ ಇನ್ನೂ ಜೋರಾಗಿ ಹೇಳ್ತದಲ್ಲೇ!"

ಕೊನೆಗೆ ಮನೆಯ ಪೊರಕೆಗಳನ್ನೆಲ್ಲ ಅಟ್ಟಕ್ಕೆ ಹಾಕಿದರು. ಗೋಡೆಯ ಮೇಲಿದ್ದ ಹಲ್ಲಿಯ ನೆನಪು ಮಾತ್ರ ಇಬ್ಬರಿಗೂ ಆಗಲಿಲ್ಲ.

ಭಾನುವಾರ ಚೆನ್ನವ್ವ ಉಯ್ಯಾಲೆಯ ಮೇಲೆ ಕೂತು ಎರಡು ತಟ್ಟೆ ಶಾವಿಗೆಯನ್ನೂ ಒಸಡಲ್ಲೇ ನುರಿಸಿ ನೋಡಿದಳು. "ವಿಮ್ಲಿದು ಕೂದ್ಲೆಳೆ ಇದ್ದಂಗೈತೆ. ಮಂಗ್ಳಿದು ವಸಿ ದಪ್ಪ. ಒರಳು ವಿಮ್ಲಿಗೇ" ಎಂದು ಹಿತ್ತಾಳೆ ಒರಳಿಗೆ ಕೈಹಾಕಿದಳು.

ಆಗ ನೊಣವೊಂದನ್ನು ಅಟ್ಟಿಸಿಕೊಂಡು ಹಲ್ಲಿ ಚಾವಣಿಗೆ ಬಂತು. ಅದರ ಉಗುರು ಗೀರಿಗೆ ಸಿಕ್ಕಿದ್ದೇ ತಡ, "ಬೆಂಕಿ ಹಾಕ!"

"ಹಲ್ಲಿ ನುಡೀತು!" ಚೆನ್ನವ್ವ ಬೆರಳಿನಿಂದ ಮಣೆಯನ್ನು ಲೊಟಲೊಟ ಬಡಿದಳು. "ಸತ್ಯ, ಸತ್ಯ!" ಹಲ್ಲಿ ಲೊಚಗುಟ್ಟದೆ ಅವಳು ಬಸ್ಸನ್ನೂ ಹತ್ತಿದವಳಲ್ಲ.

ಇನ್ನು ನಾಲ್ಕು ಹೆಜ್ಜೆಗೆ 'ಮುದುಕಿ' ಬರುತ್ತದೆ! ಸರ್ವಮಂಗಳ ಹಾರಿಹೋಗಿ ಫ್ಯಾನಿನ ಸ್ವಿಚ್ಚು ಒತ್ತಿದಳು. ಹಲ್ಲಿ ಬೆದರಿ, ಬಾಲ ತಿರುಗಿಸಿ, ಕಿಟಕಿಯ ಮೂಲೆಗೆ ಓಡಿತು. ಚಾವಣಿ ವಿಮಲಾಕ್ಷಿಯ ದನಿಯಲ್ಲಿ ಪಿಸುಗುಟ್ಟಿತು:

"ಗೌರಕ್ಕ, ಭಾನ್ವಾರಕ್ಕೆ ಎರಡು ಸೇರು ಒತ್ತುಶಾವಿಗೆ ಮಾಡ್ಕೊಡಿ. ಹಿತ್ಲ ಬಾಗ್ಲಿಗೇ ತನ್ನಿ. ಯಾವಾಗ್ಲೂ ಹೇಳ್ದಂಗೆ ನಾನೇ ಒತ್ತಿದ್ದು ಅಂತ ಹೇಳ್ಕೋತೀನಿ."

"ಗೌರಕ್ಕ ಯಾರೇ ವಿಮ್ಲಿ?" ಎಂದಳು ಚೆನ್ನವ್ವ.

"ಹಲ್ಲಿ ಸುಳ್ಳು ಹೇಳ್ತಿದೆ ಅತ್ತೆ!"

"ಹಲ್ಲಿ ಸುಳ್ಳು ಹೇಳ್ತದಾ! ನನ್ನ ಮದ್ವೆ ನಿಶ್ಚಯ ಮಾಡಿದ್ದೇ ಹಲ್ಲಿ ಕಣೇ!"

ವಿಮಲಾಕ್ಷಿ ಸೆರಗು ಕಚ್ಚಿಕೊಂಡಳು. ಸರ್ವಮಂಗಳ ಉಸಿರು ಬಿಡುವಷ್ಟರಲ್ಲಿ ಹಲ್ಲಿ ಗೋಡೆಯಂಚಿನಲ್ಲೇ ಒಂದು ಸುತ್ತು ಹೊಡೆದು ಉಯ್ಯಾಲೆಯ ಮೇಲ್ಗಡೆಯ ಚಿತ್ತಾರಕ್ಕೇ ಬಂತು! "ಹಲ್ಲಿಲ್ದಿದ್ರೂ ಆ ಮುದುಕಿ ನಾಲ್ಗೆ ಗರಗಸ ಇದ್ದಂಗೆ!"

ಗುರುಬಸಪ್ಪ ಬಕೆಟ್ಟಿನ ಹಿಂದೆ ಅವಿತ. ಸರ್ವಮಂಗಳ ಮಾತ್ರ ಮುಂದೆ ಬಂದಳು.

"ಹಲ್ಲಿದೇನೂ ತಪ್ಪಿಲ್ಲ ಅತ್ತೆ. ಅದು ನಾನೇ ಅಂದಿದ್ದು."

ಚೆನ್ನವ್ವ ಒಸಡಿನ ಮೇಲೆ ಒಮ್ಮೆ ನಾಲಿಗೆ ಆಡಿಸಿ ನೋಡಿಕೊಂಡಳು. ಆಮೇಲೆ ಉಯ್ಯಾಲೆಯ ಸರಪಳಿ ಗಲಗಲ ಅನ್ನುವ ಹಾಗೆ ನಕ್ಕಳು. "ಗರಗಸಾನೇ ಕಣೇ! ನಮ್ಮೆಜಮಾನ್ರೂ ಇದೇ ಅಂತಿದ್ರು! ಮಾಡಿದ್ದನ್ನ ಮಾಡ್ದೆ ಅನ್ನೋಳು ಈ ಮನೇಲಿ ನೀನೊಬ್ಳೇ. ತಗಾ ಒರಳು!"

ಸರ್ವಮಂಗಳ ಒರಳನ್ನು ಸೊಂಟಕ್ಕೇರಿಸಿಕೊಂಡು ನಡುಮನೆಯಲ್ಲಿ ಮೂರು ಸುತ್ತು ಬಂದಳು. ಆ ಹೊತ್ತಿಗೆ ಅವಳನ್ನು ನೋಡಿದ್ದರೆ ದಸರಾ ಆನೆಯೂ ದಾರಿ ಬಿಡುತ್ತಿತ್ತು!

ಸೋಮವಾರದಿಂದ ಮನೆ ಮುಂದೆ ಸಾಲು. ಹೆಣ್ಣು ಕೇಳುವವರು, ಸೈಟು ಕೊಳ್ಳುವವರು, ಪರೀಕ್ಷೆ ಬರೆಯುವವರು ಎಲ್ಲರಿಗೂ ಹಲ್ಲಿಯ ಶಕುನವೇ ಬೇಕು. ಹಲ್ಲಿಗೋ ನೊಣ ಹೆಚ್ಚಿರುವ ಜಾಗವೊಂದೇ ಇಷ್ಟ. ಹಾಗಾಗಿ ಯಾರು ಏನೇ ಕೇಳಲಿ, "ಅದು ಪುಕ್ಕಲರ ಕೆಲ್ಸ ಕಣೇ!" ಎಂದೇ ಉತ್ತರ. ಅರಸೀಕೆರೆಯಲ್ಲಿ ಆ ತಿಂಗಳು ಹದಿನಾರು ಮದುವೆ ಮುರಿದವು, ಇಪ್ಪತ್ತು ನಡೆದವು.

ಇನ್ನೊಂದು ಕೇಳಿ. ಮೊನ್ನೆ ಆ ಹಲ್ಲಿ ಎರಡು ಮರಿ ಮಾಡಿತು. ಒಂದು ಬಾಗಿಲ ಕಡೆಯಿಂದ, ಇನ್ನೊಂದು ಕಿಟಕಿಯ ಕಡೆಯಿಂದ ಓಡಿ ಬಂದು, ಎಳೇ ದನಿಯಲ್ಲಿ ಒಂದಕ್ಕೊಂದು ಬೈದಾಡುತ್ತಾ ಚಾವಣಿಯ ನಟ್ಟನಡುವೆ ಎದುರಾದಾಗ ಏನಾಯಿತು ಅಂದರೆ—

ಅಯ್ಯೋ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿರಲ್ಲ ಸ್ವಾಮಿ! ಅವು ನನ್ನವು.