ಎಫ್ಯೂಸಿವ್ ಮಾವ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಜಾಲಾಡಿದರೂ ಒಂದು ಜ್ವಾಲಾಮುಖಿ ಸಿಗುವುದಿಲ್ಲ. ಆದರೂ ನರೋಣಾದ ನಮ್ಮ ಸೋದರಮಾವ ಅದರ ಬುಡದಲ್ಲೇ ಬದುಕುತ್ತಾರೆ! ಭೂಗೋಳದ ಮಾಸ್ತರರಾಗಿ ನಿವೃತ್ತರಾದವರು. ಉಳಿದ ಪಾಠವೆಲ್ಲ ಶಾಲೆಯಲ್ಲೇ ಬಿಟ್ಟು ಒಂದೇ ಪದ ಮನೆಗೆ ತಂದರು: ಎಫ್ಯೂಸಿವ್.

ಕೆಲವು ಜ್ವಾಲಾಮುಖಿಗಳು ಢಮ್ಮೆಂದು ಸಿಡಿಯುತ್ತವೆ. ಕೆಲವು ಸಿಡಿಯುವುದಿಲ್ಲ; ನೆಲದ ಬಿರುಕಿನಿಂದ ಲಾವಾ ಸುಮ್ಮನೆ ಉಕ್ಕಿ ಹರಿಯುತ್ತದೆ. ಅದೇ ಎಫ್ಯೂಸಿವ್. ಹಾಗೆ ಹರಿದದ್ದು ಕಲ್ಲಾಗಿ, ಕಲ್ಲು ಸವೆದು ನಮ್ಮ ಎರೆಹೊಲದ ಕಪ್ಪು ಮಣ್ಣಾಗಿದೆ. ಇಷ್ಟನ್ನು ನಾನೂ ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ. ನೆನಪು ನಂಬದೆ ಮತ್ತೊಮ್ಮೆ ಪುಸ್ತಕ ತೆರೆದೂ ನೋಡಿದ್ದೇನೆ. ಆದರೆ ಒಲೆಯ ಮೇಲಿನ ಹಾಲಿಗೆ ಇದು ಅನ್ವಯಿಸುತ್ತದೆಯೆ?

ಹಾಲು ಉಕ್ಕಿ ಕಟ್ಟೆಯಿಂದ ಇಳಿಯುತ್ತಿತ್ತು. ಮಾವ ಕೈಕಟ್ಟಿ ನೋಡುತ್ತಿದ್ದರು.

"ನೋಡಿಲ್ಲಿ, ಸಿಡೀಲಿಲ್ಲ. ಎಫ್ಯೂಸಿವ್!"

"ಮೊದಲ ಗ್ಯಾಸ್ ಬಂದ್ ಮಾಡ್ರಿ," ಎಂದರು ಅತ್ತೆ. "ಆಮ್ಯಾಲ ನಾಮಕರಣ ಮಾಡೂಣು."

ಹಾಲು ಹೋದರೆ ಹೋಯಿತು, ಸಂಬಂಧ? ಮಾವನ ಮಗಳಿಗೆ ನಮ್ಮವ್ವ ಅಫಜಲಪುರದ ಕಡೆಯ ವರ ನೋಡಿದ್ದಳು. ತಮ್ಮನ ಮನೆಗೆ ತಾನೇ ಅವರನ್ನು ಕರೆತಂದಳು. ಹುಡುಗಿಯ ಸ್ವಭಾವ ಹೇಗೆಂದು ವರನ ತಂದೆ ಕೇಳಿದರು.

"ಸಿಟ್ಟು ಅದರಿ," ಎಂದರು ಮಾವ, ಹೆಮ್ಮೆಯಿಂದ. "ಆದ್ರ ಎಫ್ಯೂಸಿವ್."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಡಾಕ್ಟರಿಗೆ ತೋರ್ಸೀರೇನ್ರಿ?"

ಮಾವ ವಿವರಿಸತೊಡಗಿದರು. ಲಾವಾ ಹರಿದು ನಮ್ಮ ಹೊಲ ಮುಟ್ಟುವಷ್ಟರಲ್ಲಿ ಅವರ ಜೀಪು ಊರು ದಾಟಿತ್ತು.

ಅವ್ವ ನಮ್ಮೂರು ಕೊಳಕೂರಿಗೆ ಮರಳಿದವಳೇ ತಮ್ಮನ ಜೊತೆ ಮಾತು ಬಿಟ್ಟಳು. "ನನ್ನ ಮಾತಿಗಿ ಬಂದವ್ರನ್ನ ಹಿಂಗ ಕಳಿಸ್ದ," ಎಂದು ನನ್ನೆದುರು ಒಮ್ಮೆ ಅಂದದ್ದಷ್ಟೆ. ತಮ್ಮನ ಫೋನು ಎತ್ತಲಿಲ್ಲ.

"ಅಕ್ಕ ಸಿಡಿಯೂ ಪೈಕಿ. ಒಮ್ಮೆ ಸಿಡಿದ್ರ ತಣ್ಣಗಾಗ್ತಾಳ," ಎಂದರು ಮಾವ. ಕಾದರು. ಅವಳು ಸಿಡಿಯಲೇ ಇಲ್ಲ!

"ಲೇ, ನನಗ ಬೈಯಾಕತ್ತಾಳೇನ ನೋಡಲೇ," ಎಂದು ನನ್ನನ್ನೇ ಬೇಡತೊಡಗಿದರು. ಬೈಗುಳಕ್ಕೆ ಹಸಿದ ಮನುಷ್ಯನನ್ನು ನಾನು ಕಂಡದ್ದು ಆಗಲೇ.

ಎಳ್ಳ ಅಮಾವಾಸ್ಯೆಗೆ ಅವ್ವ ಪ್ರತಿವರ್ಷದಂತೆ ತವರಿನ ಹೊಲಕ್ಕೆ ಬಂದಳು. ಮಾವನ ಮುಖ ನೋಡಲಿಲ್ಲ. ಭಜ್ಜಿ, ಕಡಬು, ಸಜ್ಜೆರೊಟ್ಟಿ ಕಲಸಿದ ಚರಗವನ್ನು ಬೆಳೆಗೆ ಚೆಲ್ಲುತ್ತ ಒಬ್ಬರು ಮುಂದೆ ಕೂಗಬೇಕು. ನೀರು ಚಿಮುಕಿಸುತ್ತ ಹಿಂದೆ ಬರುವವರು ಓಗೊಡಬೇಕು. ಇಲ್ಲವಾದರೆ ಭೂಮಿತಾಯಿ ಉಣ್ಣುವುದಿಲ್ಲವಂತೆ. ಆ ಹೊಲದಲ್ಲಿ ಎಂದಿನಿಂದಲೂ ಮುಂದೆ ತಮ್ಮ, ಹಿಂದೆ ಅಕ್ಕ.

"ಓಲಗ್ಯಾ, ಓಲಗ್ಯಾ!" ಮಾವ ಕೂಗಿದರು. ಹಿಂದೆ ತಂಬಿಗೆಯ ನೀರಿನ ಸದ್ದು ಮಾತ್ರ. ಮತ್ತೆ ಕೂಗಿದರು. ಜೋಳದ ಎಲೆ ಅಲುಗಿತು. ಮತ್ತೊಮ್ಮೆ ಕೂಗುವಾಗ ಅವರ ದನಿ ಒಡೆಯಿತು. ಒಡೆದದ್ದು ದನಿಯೋ, ಗಾಳಿಗೆ ನನಗೆ ಹಾಗೆ ಕೇಳಿಸಿತೋ, ಆಣೆ ಮಾಡಲಾರೆ.

ಅವ್ವ ಮೆಲ್ಲಗೆ ಓಗೊಟ್ಟಳು. ಬೈಗುಳವಿಲ್ಲ, ಕೂಗಾಟವಿಲ್ಲ. ಕೆನ್ನೆ ತುಂಬ ನೀರು ಇಳಿಯುತ್ತಿತ್ತು.

ಮಾವ ತಿರುಗಿ ನೋಡಿದರು. ಬಾಯಿ ತೆರೆದರು. ಆ ಪದ ತುಟಿಯವರೆಗೆ ಬಂದದ್ದು ನನಗೂ ಕಂಡಿತು.

"ಗೊತ್ತದ ಬಿಡೋ ತಮ್ಮಾ," ಎಂದಳು ಅವ್ವ. "ಮುಂದ ನಡಿ. ಹೊಲ ಇನ್ನಾ ಭಾಳ ಅದ."