ಅತ್ತೆಗೆ ಬೇಕಾಗಿದ್ದ ಹತ್ತು ಸಹಿಗಳು

ನಮ್ಮ ಸೋದರತ್ತೆಯನ್ನು ಸೋಲಿಸಲು ಯಾವ ಪಕ್ಷವೂ ಬೆವರು ಸುರಿಸಬೇಕಿಲ್ಲ. ಆ ಕೆಲಸಕ್ಕೆ ಅವರೊಬ್ಬರೇ ಸಾಕು! ಮಲಪ್ರಭೆಯ ಒಡಲು ಬಗೆದು ಮರಳು ಸಾಗಿಸುವವರ ವಿರುದ್ಧ ವರ್ಷಗಟ್ಟಲೆ ಅರ್ಜಿ ಬರೆದು, ಪ್ರತಿ ಕಚೇರಿಯಲ್ಲೂ "ಮ್ಯಾಲಿನವರನ್ನ ಕೇಳ್ರಿ" ಎಂಬ ಉತ್ತರ ಪಡೆದ ಅತ್ತೆ ಕಡೆಗೆ, "ಹಂಗಾರ ದಿಲ್ಲಿಗೇ ಹೋಗಿ ಕೇಳತೇನಿ" ಎಂದು ಲೋಕಸಭೆಗೆ ನಿಂತೇಬಿಟ್ಟರು.

ಪಕ್ಷೇತರರ ನಾಮಪತ್ರಕ್ಕೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಬೇರೆಯವರು ಸಹಿ ಬೇಡುತ್ತಾರೆ. ಅತ್ತೆ ಮುನವಳ್ಳಿಯ ಮನೆಯ ಕಟ್ಟೆಯ ಮೇಲೆ ಕುಳಿತು ಸಂದರ್ಶನ ನಡೆಸಿದರು!

"ನಿಮ್ಮ ಹೊಲದಾಗಿನ ಬೇವಿನ ಗಿಡ ಎಲ್ಲೈತ್ರಿ?"

"ಕಡಿಸೇನ್ರಿ ಅಕ್ಕಾರ, ಬೆಳಿಗೆ ನೆರಳ ಬೀಳತಿತ್ತು."

"ಪೆನ್ನ ಕೆಳಗ ಇಡ್ರಿ."

ಉಗರಗೋಳದ ಅಂಗಡಿಯವರೊಬ್ಬರು ಭಕ್ತಿಯಿಂದ ಹಾರ ತಂದರು, ಪ್ಲಾಸ್ಟಿಕ್ ಚೀಲದಲ್ಲಿ. ಹಾರ ಒಳಗೆ ಬಂತು. ಅಂಗಡಿಯವರು ಹೊರಗೇ ಉಳಿದರು.

"ಅತ್ತಿ, ನಮಗ ಬೇಕಾಗಿದ್ದು ಸಹಿ, ಸಂತರಲ್ಲ!" ಎಂದು ನಾನು ಕೂಗಾಡಿದೆ.

"ನಾಳೆ ಯಾರನ್ನ ಜಗ್ಗಿ ಕೇಳಬೇಕೋ, ಇವತ್ತ ಅವರ ಮುಂದ ಕೈ ಚಾಚಲೇನು?"

ಉತ್ತರದಾಯಿತ್ವದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಗಂಟೆಗಟ್ಟಲೆ ಭಾಷಣ ಬಿಗಿದ ನಾನು ಮುಂದಿನವರನ್ನು ಕಟ್ಟೆಗೆ ಕರೆದೆ.

ಕೊನೆಯ ದಿನ. ಮಧ್ಯಾಹ್ನ ಮೂರರೊಳಗೆ ಬೆಳಗಾವಿ ಮುಟ್ಟಬೇಕು. ಹತ್ತೂ ಸಹಿಗಳಾದವೆಂದು ಹಿಗ್ಗಿ ಪರಿಶೀಲಿಸಿದರೆ, ಅತ್ತೆ ತಲೆದೂಗಿ ಮೆಚ್ಚಿದ್ದ ಮೇಷ್ಟ್ರು ಕಿತ್ತೂರಿನವರು! ಕಿತ್ತೂರು ನಮ್ಮದೇ ಜಿಲ್ಲೆ. ಆದರೆ ಲೋಕಸಭೆಗೆ ಮತ ಹಾಕುವುದು ಕಾರವಾರದ ಕಡಲಿನವರ ಜೊತೆ!

"ಹೊಳಿ ಏನ್ ಕ್ಷೇತ್ರ ನೋಡಿ ಹರೀತೈತೇನು?" ಅತ್ತೆ ಗುಡುಗಿದರು. ಗುಡುಗಿದರೇನು, ಉಳಿದದ್ದು ನನ್ನದೂ ಸೇರಿ ಒಂಬತ್ತೇ.

ಆಗ ಅಪ್ಪ ಬಂದರು. ಅಪ್ಪ ಅತ್ತೆಯ ಒಡಹುಟ್ಟಿದ ತಮ್ಮ, ಮರಳಿನ ಟ್ರ್ಯಾಕ್ಟರುಗಳ ಒಡೆಯ. ಅವುಗಳ ಮುಂದೆ ಅತ್ತೆ ಅಡ್ಡ ಮಲಗಿದಂದಿನಿಂದ, ಆರು ವರ್ಷ, ಇಬ್ಬರಿಗೂ ಮಾತಿಲ್ಲ. ಹೇಳಿಬಿಡುತ್ತೇನೆ: ನಾನು ಓದಿದ್ದೂ ಆ ಮರಳಿನಿಂದಲೇ.

"ಒಂದ ಸಹಿ ಕಡಿಮಿ ಬಿದ್ದೈತಂತ. ನಿನ್ನ ಪರೀಕ್ಷಾದಾಗ ನಾ ಪಾಸಾಗಂಗಿಲ್ಲ, ಅಕ್ಕಾ."

"ಟ್ರ್ಯಾಕ್ಟರ್ ಎಲ್ಲದಾವು?"

"ಇವತ್ತ ಹೊಳಿಗೆ ಇಳಿಸಿಲ್ಲ. ನಾಳಿನ ಮಾತಿಗೆ ಆಣಿ ಮಾಡಂಗಿಲ್ಲ. ದಿಲ್ಲಿಗೆ ಹೋದಿ ಅಂದ್ರ ಮೊದಲ ನನ್ನ ಹೆಸರ ಹಿಡಿದ ಕೇಳ."

"ಕೇಳತೇನಿ. ಬಿಡಂಗಿಲ್ಲ ನೋಡ."

"ಬಿಡಬ್ಯಾಡ."

ಅತ್ತೆ ಪೆನ್ನು ಕೊಟ್ಟರು. ಅಪ್ಪ ಸಹಿ ಹಾಕಲು ಬಾಗಿದರು. ಕಾಗದ ಸರಿಯದಂತೆ ಅತ್ತೆ ಅದರ ಅಂಚನ್ನು ಒತ್ತಿ ಹಿಡಿದರು. ಬಸ್ಸಿಗೆ ಓಡುವ ಅವಸರದಲ್ಲೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು.

"ಒಳಗ ರೊಟ್ಟಿ ಅದಾವು, ಉಣ್ಣು. ನಾ ಬರೂತನಾ ಹೋಗಬ್ಯಾಡೋ, ತಮ್ಮಾ."